ಅರ್ಥ ಹೇಳುವ ಮೊದಲು ಐದು ನಿಮಿಷ ಬರೆಸಿ

ಪದ್ಯ ಓದಿ, ಅರ್ಥ ಹೇಳಿ, ಸಾರಾಂಶ ಬರೆಸಿದರೆ ಮಕ್ಕಳ ನೋಟ್ಸಿನಲ್ಲಿ ಉಳಿಯುವುದು ಮೇಷ್ಟ್ರ ಮಾತು, ಇಲ್ಲವೇ ಗೈಡಿನ ಮಾತು. ಹಾಗಾಗಿ ಕ್ರಮ ತಿರುಗಿಸಿ. ಮೊದಲು ಅವರು ಬರೆಯಲಿ, ನಿಮ್ಮ ವಿವರಣೆ ಆಮೇಲೆ. ಐದು ನಿಮಿಷ, ನಾಲ್ಕೈದು ಸಾಲು, ರಫ್ ಪುಸ್ತಕದಲ್ಲಿ. ಅಂಕ ಬೇಡ.

ನಮ್ಮ ಶಿವಮೊಗ್ಗ ಜಿಲ್ಲೆಯದೇ ಉದಾಹರಣೆ ತೆಗೆದುಕೊಳ್ಳಿ. ಶಿಕಾರಿಪುರ ತಾಲ್ಲೂಕಿನ ಉಡುತಡಿಯ ಅಕ್ಕಮಹಾದೇವಿಯ ವಚನ, ಬೆಟ್ಟದ ಮೇಲೆ ಮನೆ ಮಾಡಿ ಮೃಗಗಳಿಗೆ ಅಂಜಿದರೆ ಹೇಗೆ ಅನ್ನುತ್ತದಲ್ಲ, ಅದು. ಎಲ್ಲರಿಗೂ ಬಾಯಿಪಾಠ, ಅದೇ ತೊಂದರೆ. ಬೋರ್ಡಿನ ಮೇಲೆ ಬರೆಯಿರಿ, ಒಬ್ಬರಿಂದ ಜೋರಾಗಿ ಓದಿಸಿ, ಇದೇ ಧಾಟಿಯಲ್ಲಿ ನಿಮ್ಮೂರಿನ ಒಂದು ಸಾಲು ಸೇರಿಸಿ ಅಂತ ಹೇಳಿ ಸುಮ್ನೆ ಕಾಯಿರಿ. "ತೋಟದ ನಡುವೆ ಮನೆ ಮಾಡಿ ಮಂಗಗಳಿಗೆ ಅಂಜಿದರೆ", "ಆಗುಂಬೆಯಲ್ಲಿ ಮನೆ ಮಾಡಿ ಮಳೆಗೆ ಅಂಜಿದರೆ" ಅಂತೆಲ್ಲ ಬರುತ್ತದೆ. ಉಂಬಳವೂ (ಕಾಡಿನ ಜಿಗಣೆ) ಬರಬಹುದು. ಕ್ಲಾಸು ನಕ್ಕರೆ ನಗಲಿ.

ನಿಜವಾದ ಕೆಲಸ ಎರಡನೇ ಸುತ್ತಿನಲ್ಲಿ. ನಿಮ್ಮ ಸಾಲನ್ನು ವಚನದೊಳಗೆ ಎಲ್ಲಿ ಇಡುತ್ತೀರಿ, ಯಾಕೆ? ಎರಡೇ ವಾಕ್ಯ ಬರೆಯಲಿ. ಇದಕ್ಕೆ ಉತ್ತರ ಬೇಕಾದರೆ ವಚನವನ್ನು ಮತ್ತೆ ನೋಡಲೇಬೇಕು. ಬೆಟ್ಟದ ಮೃಗ, ಸಮುದ್ರದ ತೆರೆ ಎರಡೂ ಜೀವಕ್ಕೆ ಅಪಾಯ, ಅಲ್ಲಿ ಅಂಜಿಕೆ. ಸಂತೆಯ ಶಬ್ದ ಮೈಗೆ ಏನೂ ಮಾಡದು, ಅಲ್ಲಿ ಅಕ್ಕ ಹೇಳುವುದು ನಾಚಿಕೆ. ಅಲ್ಲಿಂದ ಮುಂದಿನ ಹೆಜ್ಜೆಯೇ ಜನರ ಹೊಗಳಿಕೆ, ತೆಗಳಿಕೆ. ಮಂಗದ ಸಾಲು ಸಂತೆಯ ನಂತರ ಬಂದರೆ ಸರಿಹೋಗಲ್ಲ ಅಂತ ಒಬ್ಬ ಹುಡುಗಿ ಹೇಳಿಬಿಟ್ಟರೆ ನಿಮ್ಮ ಅರ್ಧ ಪಾಠ ಅವಳೇ ಮಾಡಿದ ಹಾಗೆ. ಯಾರೂ ಹೇಳದಿದ್ದರೆ, ಮೊದಲೆರಡಕ್ಕೂ ಮೂರನೆಯದಕ್ಕೂ ಏನು ವ್ಯತ್ಯಾಸ ಅಂತ ಕೇಳಿ, ಇನ್ನೊಂದು ನಿಮಿಷ ಬರೆಯಲಿ. ಬಾಯಿ ತುರಿಸಿದರೂ ಉತ್ತರ ನೀವು ಹೇಳಬೇಡಿ.

ಕಥೆ ಇರುವ ಪದ್ಯವಾದರೆ ಕಥೆಯಲ್ಲಿ ಮಾತಾಡದವರಿಗೆ ಮಾತು ಕೊಡಿಸಿ. ಗೋವಿನ ಹಾಡಿನಲ್ಲಿ ಪುಣ್ಯಕೋಟಿ ಕರುವನ್ನು ಒಪ್ಪಿಸಿ ಹೋದ ಮೇಲೆ ಉಳಿದ ಹಸುಗಳು ಏನು ಮಾತಾಡಿಕೊಂಡವು? ಕೊಟ್ಟ ಮಾತೇ ದೊಡ್ಡದು ಅನ್ನುವ ಹಸು ಇರಲಿ, ಹಾಲು ಕುಡಿಯುವ ಕರುವನ್ನು ಬಿಟ್ಟು ಹೋಗುವುದು ಯಾವ ನ್ಯಾಯ ಅಂತ ಜಗಳ ತೆಗೆಯುವ ಹಸುವೂ ಇರಲಿ. ಚಿರತೆ ಬಾಯಿಗೆ ಮನೆಯ ದನ ಹೋಗಿದ್ದನ್ನು ಕಂಡ ಮಕ್ಕಳು ನಮ್ಮ ಕಡೆ ಇರುತ್ತಾರೆ, ಅವರು ಬರೆಯುವುದೇ ಬೇರೆ ಥರ. ಆದರೆ ಕಲ್ಪನೆ ತಾನೇ ಅಂತ ಬಿಟ್ಟುಬಿಡಬೇಡಿ. ಹಾಡಿನ ಯಾವ ಸಾಲಿನಿಂದ ಇದು ಹೊಳೆಯಿತು ಅಂತ ಕೇಳಿ, ಆ ಸಾಲಿನ ಕೆಳಗೆ ಗೆರೆ ಎಳೆಸಿ. ಈ ಪ್ರಶ್ನೆ ಬಿಟ್ಟುಹೋದರೆ ಉಳಿಯುವುದು ಬರೀ ಪ್ರಬಂಧದ ಪೀರಿಯಡ್.

ಬರೆಯುವಾಗ ಹವ್ಯಕ ಮಾತೋ, ಲಂಬಾಣಿಯೋ, ಉರ್ದುವೋ ನುಸುಳಿದರೆ ತಡೆಯಬೇಡಿ. ಕೆಂಪು ಪೆನ್ನು ಜೇಬಲ್ಲೇ ಇರಲಿ. ಒತ್ತಕ್ಷರ ತಿದ್ದಲು ಬೇರೆ ದಿನ ಇದೆ.

ಹೊತ್ತು? ಪುನರ್ವಸು, ಪುಷ್ಯ ಮಳೆ ಶೀಟಿನ ಮೇಲೆ ಬಾರಿಸುವಾಗ ನೀವು ಎಷ್ಟೇ ಕೂಗಿದರೂ ಹಿಂದಿನ ಬೆಂಚಿಗೆ ಕೇಳಿಸಲ್ಲ, ಅಲ್ವಾ? ಆಗ ಬರೆಸಿ. ಪೋರ್ಷನ್ ಮುಗಿಯಲ್ಲ ಅನ್ನುವವರು ವಾರಕ್ಕೊಮ್ಮೆ ಮಾಡಿದರೂ ಸಾಕು. ಪರೀಕ್ಷೆಯ ಸಂದರ್ಭ ಸಹಿತ ಸ್ವಾರಸ್ಯದ ಪ್ರಶ್ನೆಗೂ ಇದು ಉಪಯೋಗಕ್ಕೆ ಬರುತ್ತದೆ, ಯಾಕಂದರೆ ಯಾರು ಯಾರಿಗೆ ಹೇಳಿದರು ಅನ್ನುವುದನ್ನು ಉರು ಹೊಡೆಯಬಹುದು, ಸ್ವಾರಸ್ಯವನ್ನು ತಾವೇ ಹುಡುಕಬೇಕು.

ಪುಸ್ತಕಗಳ ರಾಶಿಯನ್ನು ಮನೆಗೆ ಹೊತ್ತುಕೊಂಡು ಹೋಗಬೇಡಿ. ಹಾಗೆ ಮಾಡಿದರೆ ಎರಡನೇ ವಾರಕ್ಕೇ ನಿಮಗೆ ಬೇಜಾರಾಗುತ್ತದೆ. ಮಕ್ಕಳು ಬರೆಯುತ್ತಿರುವಾಗಲೇ ಸಾಲುಗಳ ನಡುವೆ ಓಡಾಡಿ, ಒಂದಕ್ಕೊಂದು ಒಪ್ಪದ ಎರಡು ಬರಹ ಗುರುತಿಟ್ಟುಕೊಳ್ಳಿ. ಆ ಇಬ್ಬರಿಂದ ಓದಿಸಿ, ಪಾಠ ಅಲ್ಲಿಂದಲೇ ಶುರು ಮಾಡಿ.