ನಮ್ಮ ಡೆಮೋದಲ್ಲಿ ಕುಚ್ಚಲಕ್ಕಿ ಇರಲಿಲ್ಲ

2022ರ ಜನವರಿಯಿಂದ ನವೆಂಬರ್‌ವರೆಗೆ ನಾನು ಮನೆಮನೆಗೆ ಹೋಗಿ ಸ್ಟೀಲ್ ಪಾತ್ರೆಯ ಸೆಟ್ ಮಾರಿದ್ದೇನೆ. ಮಂಗಳೂರಿನಲ್ಲಿ ಬಿಜೈ, ಕುಲಶೇಖರ, ಸುರತ್ಕಲ್. ಆ ಕಡೆ ಕಾಪು, ಕಟಪಾಡಿ, ಉಡುಪಿ. ಲಾಕ್‌ಡೌನ್ ಹೊತ್ತಿಗೆ ಹಂಪನಕಟ್ಟೆಯ ಬಟ್ಟೆ ಅಂಗಡಿಯ ಕೆಲಸ ಹೋಗಿತ್ತು. ಪರಿಚಯದವರೊಬ್ಬರು ಈ ಕೆಲಸಕ್ಕೆ ಕರೆದರು. ಕಂಪನಿಯ ಹೆಸರು ಇಲ್ಲಿ ಬೇಡ. ಕೆಲಸ ಹೇಗೆ ನಡೆಯುತ್ತಿತ್ತು ಅನ್ನುವುದನ್ನು ಮಾತ್ರ ಬಿಡಿಸಿ ಹೇಳುತ್ತೇನೆ. ಯಾಕೆಂದರೆ ಈಗಲೂ ನನಗೆ ಫೋನ್ ಬರುತ್ತದೆ, "ಅಕ್ಕ, ನಾಳೆ ಪಕ್ಕದ ಮನೆಯಲ್ಲಿ ಡೆಮೋ ಉಂಟಂತೆ, ಹೋಗ್ಲಾ?" ಅಂತ.

ಒಂದು ಮನೆಯವರು ಡೆಮೋಗೆ ಒಪ್ಪಬೇಕು. ಅವರೇ ಅಕ್ಕಪಕ್ಕದ ನಾಲ್ಕೈದು ಮನೆಯವರನ್ನು ಕರೆಯಬೇಕು. ಕರೆದವರಿಗೆ ಒಂದು ಬಾಣಲೆ ಉಚಿತ. ಎರಡು ಆರ್ಡರ್ ಬಂದರೆ ಇನ್ನೂ ಒಂದು ಪಾತ್ರೆ. ಗಂಡ ಹೆಂಡತಿ ಇಬ್ಬರೂ ಇರಲೇಬೇಕು ಅಂತ ನಮಗೆ ಕಟ್ಟುನಿಟ್ಟಾಗಿ ಹೇಳಿದ್ದರು. "ಅವರತ್ರ ಕೇಳಿ ಹೇಳ್ತೇನೆ" ಅನ್ನುವ ಮಾತು ಬರಬಾರದು ಅಲ್ವಾ, ಅದಕ್ಕೆ. ನಮ್ಮೂರಲ್ಲಿ ಎಷ್ಟೋ ಮನೆಗಳ ಗಂಡಸರು ದುಬೈಯಲ್ಲೋ ಕುವೈತ್‌ನಲ್ಲೋ ಇರುತ್ತಾರೆ. ಅಂಥ ಮನೆಯಾದರೆ ಡೆಮೋವನ್ನು ಏಳೂವರೆಗೆ ಇಡುತ್ತಿದ್ದೆವು. ಇಲ್ಲಿ ಏಳೂವರೆ ಆದಾಗ ದುಬೈಯಲ್ಲಿ ಆರು ಗಂಟೆ. ಡ್ಯೂಟಿ ಮುಗಿಸಿದವರನ್ನು ವಿಡಿಯೋ ಕಾಲ್‌ನಲ್ಲಿ ಹಿಡಿಯಬಹುದು.

ಮನೆಯೊಳಗೆ ಹೋದ ಮೇಲೆ ಮೊದಲ ಕೆಲಸ ಅಡುಗೆಮನೆ ನೋಡುವುದು. "ಒಂದು ಲೋಟ ನೀರು ಕೊಡಿ ಅಕ್ಕ" ಅಂತ ಒಳಗೆ ಹೋಗುತ್ತಿದ್ದೆ. ಯಾವ ಪಾತ್ರೆ ಇದೆ, ನಾನ್‌ಸ್ಟಿಕ್ ಕಾವಲಿ ಗೀಚಿದೆಯಾ, ಮನೆಯಲ್ಲಿ ಶುಗರ್ ಮಾತ್ರೆ, ಬಿಪಿ ಮಾತ್ರೆ ಇದೆಯಾ, ಎಲ್ಲ ಕಣ್ಣಲ್ಲೇ ಲೆಕ್ಕ ಹಾಕುತ್ತಿದ್ದೆ. ಮಾತ್ರೆಯ ಡಬ್ಬಿ ಕಂಡರೆ ಆ ದಿನದ ಮಾತು ಬೇರೆಯೇ ಆಗುತ್ತಿತ್ತು.

ಎಲ್ಲಕ್ಕಿಂತ ಜಾಸ್ತಿ ಕೆಲಸ ಮಾಡುತ್ತಿದ್ದದ್ದು ಸೋಡಾ ಪರೀಕ್ಷೆ. ಆ ಮನೆಯದೇ ಅಲ್ಯೂಮಿನಿಯಂ ಪಾತ್ರೆಯಲ್ಲಿ ಒಂದು ಲೋಟ ನೀರು, ನಮ್ಮ ಪಾತ್ರೆಯಲ್ಲಿ ಒಂದು ಲೋಟ ನೀರು. ಎರಡಕ್ಕೂ ಒಂದೊಂದು ಸಣ್ಣ ಚಮಚ ಅಡುಗೆ ಸೋಡಾ. ಕುದಿಸಿ ಆರಿಸಿ, ಎಲ್ಲರಿಗೂ ಒಂದೊಂದು ಚಮಚ ಕುಡಿಯಲು ಕೊಡುವುದು. ನಮ್ಮದರಲ್ಲಿ ಬರೀ ಸೋಡಾ ರುಚಿ. ಅಲ್ಯೂಮಿನಿಯಂನದ್ದು ಬಾಯಿಗೆ ಹಾಕಿದರೆ ಕಹಿ, ನಾಲಿಗೆಗೆ ಲೋಹ ಹಿಡಿದ ಹಾಗೆ. ಕುಡಿದವರ ಮುಖ ಕಿವುಚಿಕೊಳ್ಳುತ್ತಿತ್ತು. ಆಗ ನಾನು ಮೆಲ್ಲಗೆ ಕೇಳುತ್ತಿದ್ದೆ, "ಮಕ್ಕಳಿಗೆ ಇದರಲ್ಲೇ ಅನ್ನ ಮಾಡೂದಾ?"

ಆ ಪ್ರಶ್ನೆ ಆದ ಮೇಲೆ ಮನೆಯೊಳಗೆ ಸ್ವಲ್ಪ ಹೊತ್ತು ಯಾರೂ ಮಾತಾಡುತ್ತಿರಲಿಲ್ಲ.

ಆ ಪರೀಕ್ಷೆಯಲ್ಲಿ ನಿಜ ಏನು, ಮುಚ್ಚಿಟ್ಟದ್ದು ಏನು ಅಂತ ನನಗೆ ತಿಳಿದದ್ದು ಕೆಲಸ ಬಿಟ್ಟ ಮೇಲೆ. ಅಲ್ಯೂಮಿನಿಯಂ ಮೇಲೆ ಗಾಳಿ ತಾಗಿಯೇ ಒಂದು ತೆಳು ಪದರ ಕಟ್ಟುತ್ತದೆ. ಅದು ಲೋಹವನ್ನು ಕಾಯುತ್ತದೆ. ಸೋಡಾ ಕ್ಷಾರ. ಕುದಿಯುವ ಸೋಡಾ ನೀರು ಆ ಪದರವನ್ನೇ ಕರಗಿಸುತ್ತದೆ. ನಾವು ಯಾರೂ ಸೋಡಾ ನೀರಲ್ಲಿ ಅನ್ನ ಬೇಯಿಸುವುದಿಲ್ಲ. ಹುಳಿಗೂ ಅಲ್ಯೂಮಿನಿಯಂಗೂ ಆಗುವುದಿಲ್ಲ ಅನ್ನುವುದು ನಿಜ. ಹುಣಸೆಹುಳಿ ಹಾಕಿದ ಮೀನಿನ ಪುಳಿಮುಂಚಿ, ಪುನರ್ಪುಳಿ ಸಾರು ಇಂಥದ್ದನ್ನು ಅದರಲ್ಲಿ ಮಾಡಿ ಇಡಬಾರದು. ಆದರೆ ನಮ್ಮಲ್ಲಿ ಮೊದಲಿಂದಲೂ ಮೀನು ಸಾರಿಗೆ ಮಣ್ಣಿನ ಬಿಸಲೆ ಇದ್ದದ್ದೇ ಅಲ್ವಾ? ನಮ್ಮ ಅಜ್ಜಿಯಂದಿರಿಗೆ ಇದನ್ನು ಯಾರೂ ಡೆಮೋ ಮಾಡಿ ಹೇಳಿಕೊಡಬೇಕಾಗಿರಲಿಲ್ಲ.

ಮುಚ್ಚಿಟ್ಟದ್ದು ಇನ್ನೂ ಒಂದಿದೆ. ಆ ಮನೆಯ ಸ್ಟೀಲ್ ಪಾತ್ರೆಯನ್ನು ನಾವು ಪರೀಕ್ಷೆಗೆ ಇಡುತ್ತಲೇ ಇರಲಿಲ್ಲ. ಇಡಬಾರದು ಅಂತ ತರಬೇತಿಯಲ್ಲೇ ಹೇಳಿದ್ದರು. ಇಟ್ಟರೆ ರಥಬೀದಿಯ ಅಂಗಡಿಯಿಂದ ತಂದ ಒಳ್ಳೆ ಸ್ಟೀಲ್ ಪಾತ್ರೆಯ ನೀರಿಗೂ ನಮ್ಮ ಪಾತ್ರೆಯ ನೀರಿಗೂ ರುಚಿಯಲ್ಲಿ ವ್ಯತ್ಯಾಸ ಇಲ್ಲ. ನಮ್ಮ ಸೆಟ್ಟಿನ ಒಳಮೈ 18/10 ಸ್ಟೀಲ್. ಅಂದರೆ ನೂರಕ್ಕೆ 18 ಭಾಗ ಕ್ರೋಮಿಯಂ, 10 ಭಾಗ ನಿಕ್ಕಲ್. ಅಂಗಡಿಯಲ್ಲಿ 304 ಅಂತ ಕೇಳಿದರೆ ಸಿಗುವ ಸ್ಟೀಲಿನಲ್ಲಿ ಸುಮಾರು 18 ಮತ್ತು 8. ಅಡುಗೆಗೆ ಎರಡೂ ಒಳ್ಳೆಯದೇ. ಇನ್ನು ನಾವು ವಿಷ ಅಂತ ಹೆದರಿಸುತ್ತಿದ್ದ ಅಲ್ಯೂಮಿನಿಯಂ ನಮ್ಮ ಪಾತ್ರೆಯ ನಡುವಿನ ಪದರದಲ್ಲೇ ಇತ್ತು. ಸ್ಟೀಲಿನಲ್ಲಿ ಬಿಸಿ ಸರಿಯಾಗಿ ಹರಡುವುದಿಲ್ಲ, ಅದಕ್ಕೆ ಎರಡು ಸ್ಟೀಲಿನ ನಡುವೆ ಅಲ್ಯೂಮಿನಿಯಂ ಇಡುತ್ತಾರೆ. ಆಹಾರಕ್ಕೆ ಅದು ತಾಗುವುದಿಲ್ಲ, ತೊಂದರೆಯೂ ಇಲ್ಲ. ಆದರೆ ಆ ಮಾತನ್ನು ನಾವು ಹೇಳುತ್ತಿರಲಿಲ್ಲ.

ಮರೆವಿನ ಕಾಯಿಲೆ, ಕ್ಯಾನ್ಸರ್ ಅಂತೆಲ್ಲ ನಾನು ಹೇಳಿದ್ದೇನೆ. ಅಲ್ಯೂಮಿನಿಯಂ ಪಾತ್ರೆಯಲ್ಲಿ ಅಡುಗೆ ಮಾಡಿದರೆ ಮರೆವಿನ ಕಾಯಿಲೆ ಬರುತ್ತದೆ ಅನ್ನುವುದು ಸಾಬೀತಾದ ಮಾತಲ್ಲ. ನನಗೆ ಕೊಟ್ಟ ಫೈಲಿನಲ್ಲಿ ಪೇಪರ್ ಕಟ್ಟಿಂಗ್‌ಗಳು ಇದ್ದವು. ನಾನು ಅದನ್ನು ಪೂರ್ತಿ ಓದಿದವಳೇ ಅಲ್ಲ. ಬರೀ ಪುಟ ತಿರುಗಿಸಿ ತೋರಿಸುತ್ತಿದ್ದೆ. ಈಗ ನೆನೆದರೆ ತುಂಬಾ ಬೇಜಾರಾಗುತ್ತದೆ.

ನೀರಿಲ್ಲದೆ ಕ್ಯಾಬೇಜ್, ಕ್ಯಾರೆಟ್ ಬೇಯಿಸಿ ತೋರಿಸುವುದು ಇನ್ನೊಂದು. ಕ್ಯಾಬೇಜಿನಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ನೀರೇ ಇರುತ್ತದೆ. ದಪ್ಪ ತಳದ ಯಾವ ಪಾತ್ರೆಯಾದರೂ ಸರಿ, ಬಿಗಿ ಮುಚ್ಚಳ ಹಾಕಿ ಸಣ್ಣ ಉರಿಯಲ್ಲಿ ಇಟ್ಟರೆ ತನ್ನ ನೀರಲ್ಲೇ ಬೇಯುತ್ತದೆ. ಕಾಪುವಿನ ಒಂದು ಮನೆಯಲ್ಲಿ ವಯಸ್ಸಾದ ಅಮ್ಮ ಒಬ್ಬರು, "ಹರಿವೆ ಸೊಪ್ಪಿನ ಪಲ್ಯಕ್ಕೆ ಯಾರು ನೀರು ಹಾಕ್ತಾರೆ ಮಗಾ?" ಅಂತ ಕೇಳಿದ್ದರು. ಅವರು ಕೇಳಿದ್ದು ಕುಹಕಕ್ಕಲ್ಲ, ನಿಜವಾಗಿ ಗೊತ್ತಾಗದೆ. ಆಮೇಲೆ ಇನ್ನೊಂದು ಕೇಳಿದರು, "ಇದರಲ್ಲಿ ಕುಚ್ಚಲಕ್ಕಿ ಎಷ್ಟು ಹೊತ್ತಲ್ಲಿ ಬೇಯ್ತದೆ?"

ನಮ್ಮ ಕರಾವಳಿಯ ಮನೆಗಳಲ್ಲಿ ದಿನಾ ಬೇಯುವುದು ಕುಚ್ಚಲಕ್ಕಿ. ಅದಕ್ಕೆ ತುಂಬಾ ನೀರು ಬೇಕು, ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬೇಕು, ಗಂಜಿ ಬಸಿಯಬೇಕು. ನೀರಿಲ್ಲದ ಅಡುಗೆ, ಬೇಗ ಆಗುವ ಅಡುಗೆ ಅಂತ ಹೇಳಿಕೊಂಡು ಬಂದವರಿಗೆ ಅದನ್ನು ಮಾಡಿ ತೋರಿಸಲು ಆಗುವುದಿಲ್ಲ. ನಮ್ಮ ಡೆಮೋದಲ್ಲಿ ಕೇಕ್ ಇತ್ತು, ಚರ್ಮ ತೆಗೆಯದ ಕೋಳಿ ಇತ್ತು (ಎಣ್ಣೆ ಬೇಡ ಅನ್ನುತ್ತಿದ್ದೆವು, ಚರ್ಮದ ಕೊಬ್ಬೇ ಕರಗಿ ಎಣ್ಣೆಯಾಗುತ್ತಿತ್ತು), ಕುಚ್ಚಲಕ್ಕಿ ಮಾತ್ರ ಇರಲಿಲ್ಲ. ಯಾರಾದರೂ ಕೇಳಿದರೆ ಮಾತು ಬದಲಿಸಬೇಕು. ನಾನೂ ಬದಲಿಸಿದೆ.

ಊಟ ಮುಗಿದ ಮೇಲೆ ಬೆಲೆ. ಮೊದಲು 1,20,000 ರೂಪಾಯಿಯ ದೊಡ್ಡ ಸೆಟ್. ಎಲ್ಲರೂ ಹೌಹಾರಿದ ಮೇಲೆ 54,000 ರೂಪಾಯಿಯ ಸಣ್ಣ ಸೆಟ್. ಆಗ ಅದು ಕಮ್ಮಿ ಅನ್ನಿಸುತ್ತದೆ. 24 ಕಂತಿಗೆ ತಿಂಗಳಿಗೆ 2,250. ದಿನಕ್ಕೆ 75 ರೂಪಾಯಿ. "ಒಂದು ಸೀಯಾಳ, ಒಂದು ಚಾ, ಎರಡು ಬನ್ಸ್ ಬಿಟ್ಟರೆ ಆಯ್ತಲ್ಲ ಅಕ್ಕ." ಆಮೇಲೆ ಫಾರಂ ಮತ್ತು ಪೆನ್ನು ಅವರ ಎದುರು ಇಟ್ಟು ಸುಮ್ನೆ ಕೂರುವುದು. ಮಾತಾಡಬಾರದು. ನಿಮ್ಮ ಮನೆಗೆ ಬಂದು ಎರಡು ಗಂಟೆ ಅಡುಗೆ ಮಾಡಿ ಬಡಿಸಿದವಳು ಎದುರು ಕೂತಿದ್ದಾಳೆ. ಪಕ್ಕದ ಮನೆಯವರು ನೋಡುತ್ತಿದ್ದಾರೆ. ಕರೆದ ಮನೆಯವಳಿಗೆ ಬಾಣಲೆ ಸಿಗಬೇಕು. ನಮ್ಮ ಕಡೆಯವರಿಗೆ ಮನೆಗೆ ಬಂದವರ ಎದುರು ಬೇಡ ಅನ್ನಲು ನಾಲಿಗೆ ಏಳುವುದಿಲ್ಲ. ಮಾರಾಟ ಆಗುತ್ತಿದ್ದದ್ದು ಆ ದಾಕ್ಷಿಣ್ಯದಿಂದ. ಪಾತ್ರೆಯ ಗುಣದಿಂದ ಅಷ್ಟು ಆಗುತ್ತಿರಲಿಲ್ಲ.

ಕಟಪಾಡಿ ಹತ್ತಿರದ ಒಂದು ಮನೆಯಲ್ಲಿ ನಾದಿನಿ ಕರೆದಿದ್ದಳು ಅಂತ ಬಂದ ಹೆಂಗಸು ಒಬ್ಬರಿದ್ದರು. ಬೀಡಿ ಕಟ್ಟುವವರು. ಗಂಡ ಇಲ್ಲ, ಮಗಳು ಪಿಯುಸಿ. "ನಾಳೆ ಹೇಳ್ತೇನೆ ಅಕ್ಕ" ಅಂದರು. ನಾನು, "ಈ ರೇಟು ಇವತ್ತಿಗೆ ಮಾತ್ರ" ಅಂದೆ. ಅದು ಸುಳ್ಳು. ರೇಟು ಎಲ್ಲ ದಿನವೂ ಅದೇ. ನಾದಿನಿ ಅವರ ಮುಖ ನೋಡುತ್ತಿದ್ದಳು. ಅವರು ಮನೆಗೆ ಹೋಗಿ ಮುಂಗಡಕ್ಕೆ 5,000 ರೂಪಾಯಿ ತಂದರು. ನೂರರ, ಇನ್ನೂರರ ನೋಟುಗಳು, ಮಡಚಿ ಮಡಚಿ ಮೆತ್ತಗಾದವು. ಉಳಿದದ್ದಕ್ಕೆ ಚೆಕ್ಕುಗಳು. ಆ ಸೆಟ್ಟಿಗೆ ನನಗೆ ಸಿಕ್ಕಿದ ಕಮಿಷನ್ 6,000.

ಆರು ವಾರ ಆದ ಮೇಲೆ ಅದೇ ದಾರಿಯಲ್ಲಿ ಹೋಗುವಾಗ ಅವರ ಮನೆಗೆ ಹೋದೆ. ಚಾ ಮಾಡಿಕೊಟ್ಟರು. ಒಲೆಯ ಮೇಲೆ ಕರಿ ಹಿಡಿದ ಅಲ್ಯೂಮಿನಿಯಂ ಪಾತ್ರೆಯಲ್ಲಿ ಕುಚ್ಚಲಕ್ಕಿ ಕುದಿಯುತ್ತಿತ್ತು. ಸೌದೆ ಒಲೆ. ನಮ್ಮ ಸೆಟ್ ಅಟ್ಟದ ಮೇಲೆ, ಹಳೆ ಸೀರೆ ಮುಚ್ಚಿಕೊಂಡು, ರಟ್ಟಿನ ಪೆಟ್ಟಿಗೆಯಲ್ಲೇ ಇತ್ತು. "ಬಳಸಲಿಲ್ವಾ?" ಅಂತ ಕೇಳಿದೆ. "ಅಷ್ಟು ದುಡ್ಡಿನ ಪಾತ್ರೆ ಒಲೆಗೆ ಇಟ್ಟರೆ ಕರಿ ಹಿಡಿಯುದಿಲ್ವಾ? ಗ್ಯಾಸ್ ಇದ್ದದ್ದು ಚಾಕ್ಕೆ ಮಾತ್ರ ಅಕ್ಕ" ಅಂದರು. ಅವರ ದನಿಯಲ್ಲಿ ಸಿಟ್ಟೇ ಇರಲಿಲ್ಲ. ಸೌದೆ ಒಲೆ ಉಂಟಾ, ಗ್ಯಾಸ್ ಎಷ್ಟು ಬಳಸ್ತೀರಿ ಅಂತ ನಾನು ಆ ದಿನ ಕೇಳಿಯೇ ಇರಲಿಲ್ಲ. ಅವರ ಅಡುಗೆಮನೆ ನಾನು ನೋಡಿದ್ದೇ ಈಗ.

ನಾನು ಆಫೀಸಿಗೆ ಹೋಗಿ ಕ್ಯಾನ್ಸಲ್ ಮಾಡಿ ಅಂದೆ. ಆಗುವುದಿಲ್ಲ ಅಂದರು. ಫಾರಂನ ಹಿಂದೆ ಸಣ್ಣ ಅಕ್ಷರದಲ್ಲಿ, ಮಾರಿದ ಮಾಲು ವಾಪಸ್ ಇಲ್ಲ ಅಂತ ಇತ್ತು.

ಆಗ ಪರಿಚಯದ ವಕೀಲರೊಬ್ಬರನ್ನು ಕೇಳಿದೆ. ನೇರ ಮಾರಾಟಕ್ಕೆ ಕೇಂದ್ರ ಸರ್ಕಾರದ ನಿಯಮಗಳಿವೆ, 2021ರ ಡಿಸೆಂಬರ್ 28ಕ್ಕೆ ಬಂದದ್ದು ಅಂದರು. ಅಂದರೆ ನಾನು ಕೆಲಸಕ್ಕೆ ಸೇರುವ ಮೊದಲೇ. ಮಾರುವವರು ಗುರುತಿನ ಚೀಟಿ ಇಲ್ಲದೆ, ಮೊದಲೇ ಒಪ್ಪಿಗೆ ಪಡೆಯದೆ ಮನೆಗೆ ಹೋಗಬಾರದು. ಯಾಕೆ ಬಂದದ್ದು ಅಂತ ಶುರುವಿನಲ್ಲೇ ಹೇಳಬೇಕು. ಬೆಲೆ, ಕಂತು, ವಾಪಸ್ ಕೊಡುವ ಕ್ರಮ ಎಲ್ಲ ಸರಿಯಾಗಿ ತಿಳಿಸಬೇಕು. ಕಂಪನಿಗೆ ದೂರು ಕೇಳುವ ಅಧಿಕಾರಿ ಇರಬೇಕು. ನನ್ನ ಕುತ್ತಿಗೆಯಲ್ಲಿ ಗುರುತಿನ ಚೀಟಿಯೇ ಇರಲಿಲ್ಲ. "ಆರೋಗ್ಯದ ಬಗ್ಗೆ ಒಂದು ಕಾರ್ಯಕ್ರಮ" ಅಂತ ಹೇಳಿ ಜನ ಸೇರಿಸುತ್ತಿದ್ದೆವು.

ಆ ಹೆಂಗಸೂ ನಾನೂ ಕೂತು ಕಂಪನಿಗೆ ಒಂದೂವರೆ ಪುಟದ ಪತ್ರ ಬರೆದೆವು. ಯಾವ ದಿನ, ಯಾರ ಮನೆ, ಏನು ಹೇಳಿ ಕರೆದದ್ದು, ಏನು ಹೇಳಿ ಮಾರಿದ್ದು. ಕಾಯಿಲೆಯ ಮಾತು ಹೇಳಿ ಹೆದರಿಸಿದ್ದು ನಾನೇ ಅಂತ ಕೆಳಗೆ ಬರೆದು ಸಹಿ ಹಾಕಿದೆ. ಫಾರಂನ ಎರಡೂ ಬದಿಯ ಜೆರಾಕ್ಸ್ ಸೇರಿಸಿ ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ ಕಳಿಸಿದೆವು. 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿದೆವು. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಾತಾಡಬಹುದು. ಅಲ್ಲೂ ಆಗದಿದ್ದರೆ ಉಡುಪಿಯ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುವುದು ಅಂತ ಇದ್ದೆವು. 5 ಲಕ್ಷದವರೆಗಿನ ದೂರಿಗೆ ಅಲ್ಲಿ ಶುಲ್ಕ ಇಲ್ಲ. ಅಲ್ಲಿಗೆ ಹೋಗಬೇಕಾಗಲಿಲ್ಲ. ಮೂರು ವಾರದಲ್ಲಿ ಕಂಪನಿಯವರು ಬಂದು ಪೆಟ್ಟಿಗೆ ತೆಗೆದುಕೊಂಡು ಹೋದರು. ಉಳಿದ ಚೆಕ್ಕುಗಳನ್ನು ಹಿಂದಕ್ಕೆ ಕೊಟ್ಟರು. ಮುಂಗಡದಲ್ಲಿ 3,000 ಬಂತು. ಪಾಸಾಗಿ ಹೋಗಿದ್ದ ಒಂದು ಚೆಕ್ಕಿನ ದುಡ್ಡು ಬರಲಿಲ್ಲ. ಅದನ್ನೂ ಮುಂಗಡದ ಉಳಿದ 2,000ವನ್ನೂ ನಾನು ಕೊಟ್ಟೆ. ನನ್ನ ಕೆಲಸ ಅದೇ ವಾರ ಹೋಯಿತು.

ಆಮೇಲೆ ನಾನು ಮಾರಿದ ಎಲ್ಲ ಮನೆಗಳಿಗೂ ಫೋನ್ ಮಾಡಿದೆ. ಹೆಚ್ಚಿನವರು, ಪಾತ್ರೆ ಚೆನ್ನಾಗಿದೆ, ಇರಲಿ ಅಂದರು. ಅದೂ ನಿಜ. ಪಾತ್ರೆ ಗಟ್ಟಿ, ತಳ ಹಿಡಿಯುವುದಿಲ್ಲ, ಎಷ್ಟೋ ವರ್ಷ ಬಾಳುತ್ತದೆ. ಗ್ಯಾಸ್ ಒಲೆ ಇದ್ದು, ದುಡ್ಡಿದ್ದು, ನಾಲ್ಕು ದಿನ ಯೋಚನೆ ಮಾಡಿ ತೆಗೆದುಕೊಂಡವರಿಗೆ ನಾನು ಬೇಡ ಅನ್ನುವುದಿಲ್ಲ.

ಫೋನ್ ಮಾಡಿ ಕೇಳುವವರಿಗೆ ನಾನು ಹೇಳುವುದು ಇಷ್ಟು. ಹೋಗಿ, ಊಟ ಮಾಡಿ. ಚೆಕ್ ಬುಕ್, ಕಾರ್ಡ್ ಮನೆಯಲ್ಲೇ ಇಡಿ. "ಇವತ್ತು ಸಹಿ ಹಾಕೂದಿಲ್ಲ, ರೇಟಿನ ಪಟ್ಟಿ ಮತ್ತು ವಾಪಸ್ ಕೊಡುವ ಕ್ರಮ ಬರೆದು ಕೊಟ್ಟು ಹೋಗಿ" ಅಂತ ಕೂತ ಕೂಡಲೇ, ಅಡುಗೆ ಶುರು ಮಾಡುವ ಮೊದಲೇ ಹೇಳಿಬಿಡಿ. ಕೊನೆಯಲ್ಲಿ ಹೇಳುವುದು ಬಹಳ ಕಷ್ಟ. ಸೋಡಾ ಪರೀಕ್ಷೆಗೆ ನಿಮ್ಮ ಸ್ಟೀಲ್ ಪಾತ್ರೆಯನ್ನೂ ಇಡಲು ಹೇಳಿ. ಕುಚ್ಚಲಕ್ಕಿ ಬೇಯಿಸಲು ಹೇಳಿ.

ಮೊನ್ನೆ ಕುಲಶೇಖರದ ಗೆಳತಿ ಹಾಗೇ ಮಾಡಿದಳು. ಡೆಮೋ ಮಾಡಲು ಬಂದ ಹುಡುಗನಿಗೆ ಇಪ್ಪತ್ತೆರಡು ಇಪ್ಪತ್ತಮೂರು ವರ್ಷ ಇರಬೇಕು. ಸ್ಟೀಲ್ ಪಾತ್ರೆ ಮುಂದೆ ಇಟ್ಟಾಗ, "ಅದು ಬೇಡ ಆಂಟಿ" ಅಂದನಂತೆ. ಅವಳು ಬಿಡಲಿಲ್ಲ, ತಾನೇ ಕುದಿಸಿದಳು. ಬಂದವರೆಲ್ಲ ಎರಡನ್ನೂ ರುಚಿ ನೋಡಿದರು. ಆ ರಾತ್ರಿ ಯಾರೂ ಸಹಿ ಹಾಕಲಿಲ್ಲ. ಹುಡುಗನಿಗೆ ಊಟ ಕಟ್ಟಿ ಕೊಟ್ಟು ಕಳಿಸಿದಳು. ಶನಿವಾರ ರಥಬೀದಿಗೆ ಹೋಗಿ, 304 ಅಂತ ಕೇಳಿ, ದಪ್ಪ ತಳದ ಒಂದು ಪಾತ್ರೆ ತಂದಿದ್ದಾಳೆ, 1,850 ರೂಪಾಯಿ. ಹರಿವೆ ಪಲ್ಯ ಮಾಡಿದೆ, ಒಂದು ತೊಟ್ಟು ನೀರೂ ಹಾಕಲಿಲ್ಲ ಅಂತ ನಿನ್ನೆ ಫೋನ್ ಮಾಡಿದ್ದಳು.