ಮನೆಯ ಕಾಗದಪತ್ರ ಕ್ಲೌಡ್‌ಗೆ ಏರಿಸುವುದು ಹೇಗೆ?

ಕರಾವಳಿಯ ಯಾವುದಾದರೂ ಕುಟುಂಬವನ್ನು ತೆಗೆದುಕೊಳ್ಳಿ. ಮೂಲಮನೆ ಕಾಪುವಿನಲ್ಲೋ ಬ್ರಹ್ಮಾವರದಲ್ಲೋ ಇರುತ್ತದೆ. ಅಣ್ಣ ಮುಂಬೈಯಲ್ಲಿ, ತಂಗಿ ದುಬೈಯಲ್ಲಿ, ಚಿಕ್ಕಪ್ಪನ ಮಕ್ಕಳು ಬೆಂಗಳೂರಿನಲ್ಲಿ. ಜಾಗದ ಕಾಗದಪತ್ರ ಮಾತ್ರ ಊರಿನ ಕಪಾಟಿನಲ್ಲೇ. ಯಾರಾದರೂ ಕ್ರಯಪತ್ರದ ಪ್ರತಿ ಕೇಳಿದರೆ ಊರಲ್ಲಿದ್ದವರು ಫೋಟೊ ಹೊಡೆದು ವಾಟ್ಸಾಪ್‌ನಲ್ಲಿ ಕಳಿಸುತ್ತಾರೆ. ಆರು ತಿಂಗಳು ಕಳೆದ ಮೇಲೆ ಅದೇ ಕಾಗದಕ್ಕೆ ಇನ್ನೊಬ್ಬರ ಫೋನ್. ಗ್ರೂಪಿನಲ್ಲಿ ಹುಡುಕಿದರೆ ಗುಡ್ ಮಾರ್ನಿಂಗ್ ಚಿತ್ರಗಳ ರಾಶಿಯ ಅಡಿಯಲ್ಲಿ ಅದು ಎಲ್ಲೋ ಹೂತುಹೋಗಿರುತ್ತದೆ. ಇತ್ತ ಮಳೆಗಾಲ ಹಿಡಿದರೆ ಕಪಾಟಿನ ಮೂಲಪತ್ರಕ್ಕೂ ಬೂಷ್ಟು.

ಈ ತಾಪತ್ರಯ ಕಡಿಮೆ ಮಾಡಬೇಕಾದರೆ ಫೈಲ್ ಕಳಿಸುವ ಅಭ್ಯಾಸ ಬಿಟ್ಟು ಫೋಲ್ಡರ್ ಹಂಚುವ ಅಭ್ಯಾಸ ಮಾಡಿಕೊಳ್ಳಬೇಕು. ಕಳಿಸಿದ ಫೈಲಿಗೆ ಹತ್ತು ಪ್ರತಿಗಳಾಗುತ್ತವೆ. ಯಾವುದು ಹೊಸದು, ಯಾವುದು ಹಳೆಯದು ಗೊತ್ತಾಗುವುದಿಲ್ಲ. ಹಂಚಿದ ಫೋಲ್ಡರ್ ಒಂದೇ. ಊರಿನಲ್ಲಿ ಹೊಸ ಪಹಣಿ ಹಾಕಿದರೆ ದುಬೈಯಲ್ಲೂ ಅದೇ ಕಾಣುತ್ತದೆ.

ಕ್ಲೌಡ್ ಅಂದರೆ ಇಂಟರ್ನೆಟ್‌ನಲ್ಲಿ ಫೈಲ್ ಇಡುವ ಜಾಗ. ಅದನ್ನು ಕೊಡುವ ಯಾವ ಸೇವೆ ಒಳ್ಳೆಯದು ಅಂತ ತುಂಬಾ ತಲೆಕೆಡಿಸಿಕೊಳ್ಳಬೇಡಿ. ಗೂಗಲ್ ಡ್ರೈವ್‌ನಲ್ಲಿ 15 ಜಿಬಿ ಉಚಿತ. ಮೈಕ್ರೋಸಾಫ್ಟ್‌ನ ಒನ್‌ಡ್ರೈವ್ ಮತ್ತು ಆ್ಯಪಲ್‌ನ ಐಕ್ಲೌಡ್‌ನಲ್ಲಿ 5 ಜಿಬಿ, ಡ್ರಾಪ್‌ಬಾಕ್ಸ್‌ನಲ್ಲಿ 2 ಜಿಬಿ. ಮನೆಯವರಲ್ಲಿ ಹೆಚ್ಚಿನವರ ಬಳಿ ಯಾವ ಖಾತೆ ಇದೆಯೋ ಅದೇ ಸರಿ. ನಮ್ಮಲ್ಲಿ ಹೆಚ್ಚಾಗಿ ಅದು ಜಿಮೇಲ್. ಹಾಗಾಗಿ ಇಲ್ಲಿ ಡ್ರೈವ್ ಹಿಡಿದುಕೊಂಡೇ ಹೇಳುತ್ತೇನೆ. ಉಳಿದವುಗಳಲ್ಲಿ ಬಟನ್ನಿನ ಹೆಸರು ಬೇರೆ ಇರಬಹುದು, ಕ್ರಮ ಹೆಚ್ಚುಕಡಿಮೆ ಇದೇ.

ಮೊದಲು ಖಾತೆ

ಕುಟುಂಬದ ಕಾಗದಗಳಿಗೆಂದೇ ಬೇರೆ ಒಂದು ಜಿಮೇಲ್ ಖಾತೆ ತೆರೆಯುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಕಾರಣ ಇಷ್ಟೇ. 15 ಜಿಬಿ ಎಂದರೆ ಡ್ರೈವ್‌ಗೆ ಮಾತ್ರ ಸಿಗುವ ಜಾಗವಲ್ಲ. ಜಿಮೇಲ್ ಮತ್ತು ಗೂಗಲ್ ಫೋಟೋಸ್ ಕೂಡ ಅದನ್ನೇ ತಿನ್ನುತ್ತವೆ. 2021ರ ಜೂನ್ 1ರ ನಂತರ ಏರಿಸಿದ ಫೋಟೊಗಳೆಲ್ಲ ಲೆಕ್ಕಕ್ಕೆ ಬರುತ್ತವೆ. ಆ್ಯಂಡ್ರಾಯ್ಡ್‌ನಲ್ಲಿ ವಾಟ್ಸಾಪ್ ಬ್ಯಾಕಪ್ ಕೂಡ ಈಗ ಅಲ್ಲೇ ಸೇರುತ್ತದೆ. ದಿನಬಳಕೆಯ ಖಾತೆಯಲ್ಲಿ ಜಾಗ ಮುಗಿದಿದೆ ಅನ್ನುವ ಎಚ್ಚರಿಕೆ ಬರುವುದು ಇದರಿಂದಲೇ.

ಹೊಸ ಖಾತೆಗೆ ಎರಡು ಹಂತದ ಪರಿಶೀಲನೆ, ಅಂದರೆ ಪಾಸ್‌ವರ್ಡ್ ಆದ ಮೇಲೆ ಇನ್ನೊಮ್ಮೆ ದೃಢಪಡಿಸಲು ಕೇಳುವ ಟೂ ಸ್ಟೆಪ್ ವೆರಿಫಿಕೇಶನ್, ಹಾಕಿ. ಆಗ ಸಿಗುವ ಬ್ಯಾಕಪ್ ಕೋಡ್‌ಗಳನ್ನು ಪ್ರಿಂಟ್ ತೆಗೆದು ಕಪಾಟಿನಲ್ಲಿಡಿ. ಮರುಪಡೆಯುವ ಫೋನ್ ನಂಬರ್ ಊರಿನಲ್ಲಿರುವ ಒಬ್ಬರದ್ದು, ಮರುಪಡೆಯುವ ಇಮೇಲ್ ಹೊರಗಿರುವ ಇನ್ನೊಬ್ಬರದ್ದು ಇರಲಿ. ಹಾಗಿದ್ದರೆ ಒಬ್ಬರ ಫೋನ್ ನೀರಿಗೆ ಬಿದ್ದರೂ ಬೀಗ ಬೀಳುವುದಿಲ್ಲ.

ಬೇರೆ ಖಾತೆಗೆ ಒಂದು ಅಪಾಯವೂ ಇದೆ. ಎರಡು ವರ್ಷ ಯಾರೂ ಅದನ್ನು ಬಳಸದಿದ್ದರೆ ಗೂಗಲ್ ಖಾತೆಯನ್ನೇ ಅಳಿಸಬಹುದು. ಅದಕ್ಕೆ ಅಷ್ಟಮಿಗೋ ಚೌತಿಗೋ ಎಲ್ಲರೂ ಊರಿಗೆ ಬಂದಾಗ ಒಮ್ಮೆ ಲಾಗಿನ್ ಆಗಿ, ಹೊಸ ಕಾಗದಗಳಿದ್ದರೆ ಏರಿಸಿಬಿಡಿ. ಸೆಟ್ಟಿಂಗ್ಸ್‌ನಲ್ಲಿ ಇನ್‌ಆ್ಯಕ್ಟಿವ್ ಅಕೌಂಟ್ ಮ್ಯಾನೇಜರ್ ಅಂತ ಒಂದಿದೆ. ಖಾತೆ ಬಹಳ ದಿನ ಸುಮ್ಮನಿದ್ದರೆ ಯಾರಿಗೆ ತಿಳಿಸಬೇಕು, ಯಾರಿಗೆ ಒಳಗಿನ ಫೈಲ್ ಕೊಡಬೇಕು ಅಂತ ಅಲ್ಲಿ ಹೆಸರು ಬರೆದಿಡಬಹುದು.

ಮತ್ತೆ, ಪಾಸ್‌ವರ್ಡನ್ನು ಗ್ರೂಪಿಗೆ ಹಾಕಬೇಡಿ ಮಾರಾಯ್ರೆ. ಎಲ್ಲರಿಗೂ ಪಾಸ್‌ವರ್ಡ್ ಕೊಡುವ ಅಗತ್ಯವೇ ಇಲ್ಲ. ಅದಕ್ಕೇ ಅಲ್ವಾ ಶೇರ್ ಬಟನ್ ಇರುವುದು.

ಸ್ಕ್ಯಾನ್ ಮಾಡುವಾಗ

ಸ್ಕ್ಯಾನರ್ ಕೊಳ್ಳಬೇಕಾಗಿಲ್ಲ. ಫೋನಿನ ಡ್ರೈವ್ ಆ್ಯಪ್‌ನಲ್ಲಿಯೇ ಸ್ಕ್ಯಾನ್ ಇದೆ. ಕ್ಯಾಮೆರಾ ಚಿಹ್ನೆ ಒತ್ತಿ, ಅಥವಾ ಪ್ಲಸ್ ಒತ್ತಿ ಸ್ಕ್ಯಾನ್ ಆರಿಸಿ. ಆ್ಯಪ್ ಕಾಗದದ ಅಂಚನ್ನು ತಾನೇ ಹಿಡಿಯುತ್ತದೆ, ಪಿಡಿಎಫ್ ಮಾಡಿಕೊಡುತ್ತದೆ. ಅಂಚು ಸರಿಯಾಗಿ ಸಿಗಬೇಕಾದರೆ ಕಾಗದದ ಕೆಳಗೆ ಗಾಢ ಬಣ್ಣ ಇರಬೇಕು. ಹಂಚಿನ ಮನೆಗಳ ಕೆಂಪು ನೆಲ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಬೆಳಿಗ್ಗೆ ಚಾವಡಿಯಲ್ಲಿ ಬೆಳಕು ಬಂದಾಗ ಮಾಡಿ. ಟ್ಯೂಬ್‌ಲೈಟ್ ಕೆಳಗೆ ಮಾಡಿದರೆ ನಿಮ್ಮ ತಲೆಯ ನೆರಳೇ ಪತ್ರದ ಮೇಲೆ ಬೀಳುತ್ತದೆ.

ಮುದ್ರೆ, ಸ್ಟ್ಯಾಂಪು, ಶಾಯಿಯ ಸಹಿ ಇರುವ ಪತ್ರವನ್ನು ಕಲರ್‌ನಲ್ಲೇ ಸ್ಕ್ಯಾನ್ ಮಾಡಿ. ಕಪ್ಪುಬಿಳುಪು ಮಾಡಿದರೆ ಮಾಸಿದ ಮುದ್ರೆ ಪೂರ್ತಿ ಮಾಯವಾಗಬಹುದು. ಪತ್ರದ ಹಿಂಬದಿ ಬಿಡಬೇಡಿ. ನೋಂದಣಿಯ ಷರಾ, ಮುದ್ರೆ ಹೆಚ್ಚಾಗಿ ಅಲ್ಲೇ ಇರುತ್ತದೆ. ಹೊಲಿದ ಅಥವಾ ಪಿನ್ ಹೊಡೆದ ಹಾಳೆಗಳನ್ನು ಬಿಡಿಸಲು ಹೋಗಬೇಡಿ, ಮಡಚಿಕೊಂಡೇ ಒಂದೊಂದಾಗಿ ಸ್ಕ್ಯಾನ್ ಮಾಡಿ. ಒಂದು ಪತ್ರದ ಎಲ್ಲ ಪುಟ ಸೇರಿ ಒಂದೇ ಪಿಡಿಎಫ್ ಆಗಲಿ.

ಎಲ್ಲಿಂದ ಶುರು ಮಾಡುವುದು? ಸುಲಭವಾಗಿ ಮತ್ತೆ ಸಿಗದ್ದರಿಂದ. ಪಹಣಿ ಈಗ ಆನ್‌ಲೈನ್‌ನಲ್ಲೇ ಸಿಗುತ್ತದೆ, ಅದಕ್ಕೆ ಅವಸರವಿಲ್ಲ. ವಿಭಾಗಪತ್ರ, ಹಳೆಯ ಕ್ರಯಪತ್ರ, ವೀಲುನಾಮೆ ಮೊದಲು. ನಮ್ಮ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿ ಡಿಕ್ಲರೇಷನ್‌ನಲ್ಲಿ, ಅಂದರೆ ಗೇಣಿದಾರರು ಅರ್ಜಿ ಹಾಕಿದ್ದರಿಂದ, ಬಂದ ಜಾಗ ಜಾಸ್ತಿ. 1974ರ ಭೂ ಸುಧಾರಣೆಯ ನಂತರ ಬಂದ ಭೂ ನ್ಯಾಯಮಂಡಳಿಯ ಆದೇಶ ಮನೆಯಲ್ಲಿದ್ದರೆ ಅದನ್ನು ಮೊದಲ ದಿನವೇ ಏರಿಸಿ. ಆ ಕಾಲದ ತೆಳು ಕಾಗದ ಇನ್ನೆಷ್ಟು ಮಳೆಗಾಲ ತಡೆದೀತು?

ಸ್ಕ್ಯಾನ್ ಆಯಿತು ಅಂತ ಮೂಲ ಎಸೆಯುವ ಹಾಗಿಲ್ಲ. ಡ್ರೈವ್‌ನಲ್ಲಿರುವುದು ನಿಮ್ಮ ಅನುಕೂಲಕ್ಕೆ ಇರುವ ಪ್ರತಿ ಮಾತ್ರ. ಸರ್ಕಾರದ ಡಿಜಿಲಾಕರ್ ಆ್ಯಪ್‌ನ ಲೆಕ್ಕ ಬೇರೆ. ಅಲ್ಲಿ ಇಲಾಖೆಯಿಂದಲೇ ನೇರವಾಗಿ ಬರುವ ಆಧಾರ್, ಡ್ರೈವಿಂಗ್ ಲೈಸೆನ್ಸ್, ಆರ್‌ಸಿ, ಅಂಕಪಟ್ಟಿಗಳಿಗೆ 2016ರ ನಿಯಮದ ಪ್ರಕಾರ ಮೂಲದಷ್ಟೇ ಮಾನ್ಯತೆ ಇದೆ. ಹಾಗಾಗಿ ಅವರವರ ಗುರುತುಪತ್ರಗಳು ಅವರವರ ಡಿಜಿಲಾಕರ್‌ನಲ್ಲೇ ಇರಲಿ. ಕುಟುಂಬದ ಫೋಲ್ಡರಿಗೆ ತರಲೇಬೇಡಿ.

ಹೆಸರಿಡುವುದು

ಸ್ಕ್ಯಾನ್ ಮಾಡಿದ ಫೈಲಿಗೆ ಆ್ಯಪ್ ಕೊಡುವ ಹೆಸರನ್ನು ಹಾಗೆಯೇ ಬಿಟ್ಟರೆ ಒಂದು ವರ್ಷದ ನಂತರ ಯಾವುದೂ ಸಿಗುವುದಿಲ್ಲ. ಇಸವಿ ಮೊದಲು, ಆಮೇಲೆ ವಿಷಯ, ಆಮೇಲೆ ಸರ್ವೆ ನಂಬರ್. ‘1976 ಭೂನ್ಯಾಯಮಂಡಳಿ ಆದೇಶ’, ‘1992 ವಿಭಾಗಪತ್ರ’ ಹೀಗೆ. ಇಸವಿ ಮುಂದಿದ್ದರೆ ಪಟ್ಟಿ ತಾನಾಗಿ ಕಾಲದ ಕ್ರಮದಲ್ಲಿ ನಿಲ್ಲುತ್ತದೆ. ಕನ್ನಡದಲ್ಲೇ ಹೆಸರಿಡಬಹುದು, ಹುಡುಕಿದರೆ ಸಿಗುತ್ತದೆ. ಉಡುಪಿಯವರು ಹೆಸರಿನಲ್ಲಿ ಜಿಲ್ಲೆ ಹಾಕದಿರುವುದೇ ಮೇಲು. ಉಡುಪಿ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕಿಂತ ಹಳೆಯ ಪತ್ರಗಳಲ್ಲೆಲ್ಲ ದಕ್ಷಿಣ ಕನ್ನಡ ಅಂತಲೋ ಸೌತ್ ಕೆನರಾ ಅಂತಲೋ ಇರುತ್ತದೆ, ಹುಡುಕುವಾಗ ಗೊಂದಲ.

ಹಂಚುವ ಕ್ರಮ

ನಿಧಾನಕ್ಕೆ ಓದಬೇಕಾದ ಭಾಗ ಇದು. ಮೊದಲೇ ಎರಡು ಬೇರೆ ಬೇರೆ ಫೋಲ್ಡರ್ ಮಾಡಿ. ಒಂದು ‘ಜಾಗದ ಪತ್ರ’, ಇನ್ನೊಂದು ‘ನೇಮ, ಮದುವೆ ಫೋಟೊ’ (ನೇಮ ಅಂದರೆ ದೈವಗಳ ಸೇವೆ). ಒಂದರೊಳಗೆ ಇನ್ನೊಂದನ್ನು ಇಡಬೇಡಿ. ಹೊರಗಿನ ಫೋಲ್ಡರ್ ಹಂಚಿದರೆ ಒಳಗಿರುವುದೆಲ್ಲ ಅದರ ಜೊತೆಗೇ ಹಂಚಿಹೋಗುತ್ತದೆ.

‘ಜಾಗದ ಪತ್ರ’ದ ಪಕ್ಕದ ಮೂರು ಚುಕ್ಕೆ ಒತ್ತಿ, ಶೇರ್ ಆರಿಸಿ. ಒಬ್ಬೊಬ್ಬರ ಜಿಮೇಲ್ ವಿಳಾಸ ಹಾಕಿ. ಪಕ್ಕದಲ್ಲಿ ಮೂರು ಆಯ್ಕೆ ಕಾಣುತ್ತವೆ. ವ್ಯೂವರ್ ಅಂದರೆ ನೋಡಬಹುದು. ಕಾಮೆಂಟರ್ ಅಂದರೆ ನೋಡಿ ಟಿಪ್ಪಣಿ ಹಾಕಬಹುದು. ಎಡಿಟರ್ ಅಂದರೆ ಹೊಸದನ್ನು ಸೇರಿಸಬಹುದು, ಹೆಸರು ಬದಲಿಸಬಹುದು, ಒಳಗಿರುವುದನ್ನು ತೆಗೆಯಲೂಬಹುದು. ಎಲ್ಲರಿಗೂ ವ್ಯೂವರ್ ಸಾಕು. ಎಡಿಟರ್ ಇಬ್ಬರಿಗಿಂತ ಜಾಸ್ತಿ ಬೇಡ. ದೊಡ್ಡಪ್ಪನಿಗೆ ಎಡಿಟರ್ ಕೊಡದಿದ್ದರೆ ಬೇಸರ ಮಾಡಿಕೊಂಡಾರು ಅನ್ನುವ ದಾಕ್ಷಿಣ್ಯ ಇಲ್ಲಿ ನಡೆಯುವುದಿಲ್ಲ. ನೋಡುವುದಕ್ಕೆ, ಡೌನ್‌ಲೋಡ್ ಮಾಡುವುದಕ್ಕೆ ಅವರಿಗೆ ಯಾವ ಅಡ್ಡಿಯೂ ಇಲ್ಲವಲ್ಲ.

ಇನ್ನೊಂದು ವಿಷಯ. ಎಡಿಟರ್ ಆದವರು ಬೇರೆಯವರಿಗೂ ಹಂಚಬಹುದು. ಅದು ಬೇಡವಾದರೆ ಶೇರ್ ಪುಟದ ಸೆಟ್ಟಿಂಗ್ಸ್‌ಗೆ ಹೋಗಿ ಆ ಅನುಮತಿ ತೆಗೆಯಿರಿ. ಹಾಗೆಯೇ, ಎಡಿಟರ್ ತನ್ನ ಖಾತೆಯಿಂದ ಹಾಕಿದ ಫೈಲಿನ ಒಡೆತನ ಅವರದ್ದೇ, ಜಾಗ ಹೋಗುವುದೂ ಅವರ ಖಾತೆಯಲ್ಲೇ. ನಾಳೆ ಅವರು ಅದನ್ನು ಅಳಿಸಿದರೆ ಎಲ್ಲರಿಗೂ ಹೋಯಿತು. ಮುಖ್ಯವಾದ ಪತ್ರವನ್ನು ಕುಟುಂಬದ ಖಾತೆಯಿಂದಲೇ ಏರಿಸುವುದು ಇದಕ್ಕೇ.

ಕೆಳಗೆ ಜನರಲ್ ಆಕ್ಸೆಸ್ ಅಂತ ಇನ್ನೊಂದು ಸಾಲಿದೆ. ಅದು ರಿಸ್ಟ್ರಿಕ್ಟೆಡ್ ಅಂತಲೇ ಇರಬೇಕು. ‘ಎನಿವನ್ ವಿತ್ ದ ಲಿಂಕ್’ ಅಂತ ಬದಲಿಸಿದರೆ ಲಿಂಕ್ ಸಿಕ್ಕಿದ ಯಾರು ಬೇಕಾದರೂ ತೆರೆಯಬಹುದು, ಲಾಗಿನ್ ಕೂಡ ಬೇಡ. ಲಿಂಕ್ ಒಂದು ಗ್ರೂಪಿನಿಂದ ಇನ್ನೊಂದಕ್ಕೆ ಹೇಗೆ ಹಾರುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ನೇಮದ ಆಮಂತ್ರಣ, ಅನ್ನಸಂತರ್ಪಣೆಯ ಫೋಟೊಗಳಿಗೆ ಲಿಂಕ್ ಧಾರಾಳ ಸಾಕು. ಜಾಗದ ಪತ್ರಕ್ಕೆ ಬೇಡವೇ ಬೇಡ.

ಸರಿಯಾಗಿದೆಯೋ ಅಂತ ಪರೀಕ್ಷಿಸಲು ಸುಲಭ ದಾರಿ ಇದೆ. ಫೋಲ್ಡರಿನ ಲಿಂಕ್ ಕಾಪಿ ಮಾಡಿ, ಬ್ರೌಸರಿನ ಇನ್‌ಕಾಗ್ನಿಟೊ ಕಿಟಕಿಯಲ್ಲಿ, ಅಂದರೆ ನಿಮ್ಮ ಲಾಗಿನ್ ಇಲ್ಲದೆ ತೆರೆಯುವ ಖಾಸಗಿ ಕಿಟಕಿಯಲ್ಲಿ, ತೆರೆಯಿರಿ. ಲಾಗಿನ್ ಕೇಳಿದರೆ ಬಾಗಿಲು ಮುಚ್ಚಿದೆ. ನೇರವಾಗಿ ತೆರೆದುಕೊಂಡರೆ ಮತ್ತೆ ಶೇರ್ ಪುಟಕ್ಕೆ ಹೋಗಿ. ಒಳಗೆ ಬಿಡಿ ಅಂತ ಕೇಳುವ ಮೇಲ್ ಬಂದರೆ ಕೂಡಲೇ ಒಪ್ಪಬೇಡಿ, ಆ ವಿಳಾಸ ಯಾರದ್ದು ಅಂತ ಫೋನ್ ಮಾಡಿ ಕೇಳಿ.

ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಯುವಾಗ ಅಲ್ಲಿನ ಕಂಪ್ಯೂಟರಿನಲ್ಲಿ ಕುಟುಂಬದ ಖಾತೆಗೆ ಲಾಗಿನ್ ಆಗಬೇಡಿ. ಬೇಕಾದ ಒಂದು ಪಿಡಿಎಫ್ ಮಾತ್ರ ನಿಮ್ಮ ಫೋನಿಗೆ ಇಳಿಸಿ ಅವರಿಗೆ ಕಳಿಸಿ, ಪ್ರಿಂಟ್ ಆದ ಮೇಲೆ ಅಳಿಸಲು ಹೇಳಿ. ಆಧಾರ್ ಪ್ರತಿ ಕೊಡಬೇಕಾದಲ್ಲಿ ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ನಡೆಯುತ್ತದೋ ಕೇಳಿ ನೋಡಿ.

ಜಾಗ ಎಷ್ಟು ಬೇಕು?

ಪತ್ರಗಳಿಗೆ ಹೆಚ್ಚೇನೂ ಬೇಡ. ಇಡೀ ಕಪಾಟು ಸ್ಕ್ಯಾನ್ ಮಾಡಿದರೂ 1 ಜಿಬಿ ದಾಟುವುದು ಕಷ್ಟ. ಫೋಟೊ ಒಂದಕ್ಕೆ 5 ಎಂಬಿ ಹಿಡಿದರೆ 15 ಜಿಬಿಯಲ್ಲಿ ಸುಮಾರು 3,000 ಹಿಡಿಸುತ್ತವೆ. ತೊಂದರೆ ಕೊಡುವುದು ವಿಡಿಯೊ. ನಿಮಿಷಕ್ಕೆ 100 ಎಂಬಿ ಅಂದುಕೊಂಡರೂ ಎರಡೂವರೆ ಗಂಟೆಗೆ ಎಲ್ಲ ಭರ್ತಿ. ರಾತ್ರಿಯಿಡೀ ನಡೆದ ಯಕ್ಷಗಾನ ಆಟದ ಅಥವಾ ದೈವದ ಕೋಲದ ವಿಡಿಯೊ ಉಚಿತ ಡ್ರೈವ್‌ನಲ್ಲಿ ಇಡುವ ಆಸೆ ಬಿಡಿ. ಅದಕ್ಕೆ ಹಾರ್ಡ್‌ಡಿಸ್ಕ್ ಸರಿ. ನೆಂಟರಿಗೆ ತೋರಿಸಬೇಕಾದರೆ ಯೂಟ್ಯೂಬ್‌ಗೆ ಅನ್‌ಲಿಸ್ಟೆಡ್ ಅಂತ ಹಾಕಿ ಲಿಂಕ್ ಕೊಡಿ. ಹುಡುಕಿದವರಿಗೆ ಸಿಗುವುದಿಲ್ಲ, ಆದರೆ ಲಿಂಕ್ ಇದ್ದವರೆಲ್ಲ ನೋಡಬಹುದು ಅನ್ನುವುದು ನೆನಪಿರಲಿ. ಏರಿಸುವ ಕೆಲಸವೆಲ್ಲ ವೈಫೈಯಲ್ಲೇ ಆಗುವ ಹಾಗೆ ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ಮಾಡಿಟ್ಟುಕೊಂಡರೆ ಮೊಬೈಲ್ ಡೇಟಾ ಉಳಿಯುತ್ತದೆ.

ಜೂನ್, ಜುಲೈಯಲ್ಲಿ ಕರೆಂಟು ಹೋದರೆ ಅದರ ಹಿಂದೆಯೇ ನೆಟ್‌ವರ್ಕೂ ಹೋಗುವುದುಂಟು. ತಾಲೂಕು ಕಚೇರಿಗೆ ಹೊರಡುವ ಹಿಂದಿನ ದಿನವೇ ಬೇಕಾದ ಫೈಲಿನ ಮೂರು ಚುಕ್ಕೆ ಒತ್ತಿ ಆಫ್‌ಲೈನ್‌ನಲ್ಲಿ ಸಿಗುವ ಹಾಗೆ ಮಾಡಿಕೊಳ್ಳಿ. ಹೆಬ್ರಿ, ಸಿದ್ದಾಪುರದ ಕಡೆಯವರಿಗೆ ಇದು ಬೇಸಿಗೆಯಲ್ಲೂ ಉಪಯೋಗ.

ಕ್ಲೌಡ್‌ನಲ್ಲಿದೆ, ಇನ್ನು ಚಿಂತೆಯಿಲ್ಲ ಅಂದುಕೊಳ್ಳುವವರು ತುಂಬಾ ಜನ. ಆದರೆ ಡ್ರೈವ್‌ನಲ್ಲಿ ಒಂದು ಕಡೆ ಅಳಿಸಿದರೆ ಎಲ್ಲ ಕಡೆಯೂ ಹೋಗುತ್ತದೆ. ಅಳಿಸಿದ್ದು ಟ್ರ್ಯಾಶ್‌ನಲ್ಲಿ 30 ದಿನ ಇರುತ್ತದೆ, ಆಮೇಲೆ ಇಲ್ಲ. ಅದಕ್ಕೇ ವರ್ಷಕ್ಕೊಮ್ಮೆ ಕಂಪ್ಯೂಟರಿನಲ್ಲಿ ಡ್ರೈವ್ ತೆರೆದು, ‘ಜಾಗದ ಪತ್ರ’ದ ಮೇಲೆ ಬಲ ಕ್ಲಿಕ್ ಮಾಡಿ ಡೌನ್‌ಲೋಡ್ ಕೊಡಿ. ಇಡೀ ಫೋಲ್ಡರ್ ಜಿಪ್ ಫೈಲಾಗಿ ಇಳಿಯುತ್ತದೆ. ಅದನ್ನು ಪೆನ್‌ಡ್ರೈವ್‌ಗೋ ಹಾರ್ಡ್‌ಡಿಸ್ಕ್‌ಗೋ ಹಾಕಿ, ಮೂಲಪತ್ರ ಇರುವ ಕಪಾಟು ಬಿಟ್ಟು ಬೇರೆ ಮನೆಯಲ್ಲಿ ಇಡಿ.