ಮಲೆನಾಡಿನ ಮಳೆಗಾಲದಲ್ಲಿ ಕ್ರಿಕೆಟ್ ಬ್ಯಾಟನ್ನು ಕಾಪಾಡುವ ಬಗೆ

ಮೃಗಶಿರಾ ಮಳೆ ಹಿಡಿದ ಮೇಲೆ ತೀರ್ಥಹಳ್ಳಿ, ಹೊಸನಗರದ ಕಡೆ ಆಟದ ಬಯಲುಗಳೆಲ್ಲ ಕೆಸರಾಗಿ, ಬ್ಯಾಟುಗಳು ನಾಲ್ಕೈದು ತಿಂಗಳ ಕಾಲ ಮನೆಯ ಮೂಲೆ ಸೇರುತ್ತವೆ. ನಮ್ಮ ಭಾಗದಲ್ಲಿ ಬ್ಯಾಟು ಕೆಡುವುದು ಚೆಂಡಿನ ಪೆಟ್ಟಿಗಿಂತ ಹೆಚ್ಚಾಗಿ ಈ ತಿಂಗಳುಗಳಲ್ಲೇ ಎಂಬುದು ನಾನು ಕಂಡುಕೊಂಡ ಸಂಗತಿ. ತೇವವೇನೋ ಮರವನ್ನು ಕೆಡಿಸುತ್ತದೆ. ಆದರೆ ತೇವಕ್ಕೆ ಹೆದರಿ ನಾವು ಕೊಡುವ ಬೆಂಕಿಯ ಕಾವು ಅದಕ್ಕಿಂತ ಬೇಗ ಕೆಡಿಸುತ್ತದೆ.

ಅನಂತನಾಗ್ ಜಿಲ್ಲೆಯಲ್ಲಿ ತಯಾರಾದ ಕಾಶ್ಮೀರ ವಿಲ್ಲೋ ಮರದ ಬ್ಯಾಟಾಗಲಿ, ಇಂಗ್ಲಿಷ್ ವಿಲ್ಲೋ ಮರದ ಬ್ಯಾಟಾಗಲಿ, ಆಟಕ್ಕೆ ಹದವಾಗಿರುವಾಗ ಅದರ ಮರದಲ್ಲಿ ಸುಮಾರು ಶೇ. 10ರಿಂದ 12ರಷ್ಟು ತೇವ ಇರುತ್ತದೆ. ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ಆಗುಂಬೆಯಂಥ ಊರಿನಲ್ಲಿ ಗಾಳಿಯ ತೇವಾಂಶ ವಾರಗಟ್ಟಲೆ ಶೇ. 90ರ ಆಸುಪಾಸಿನಲ್ಲಿ ನಿಂತರೆ, ಒಂದು ಹನಿ ನೀರು ತಾಗದಿದ್ದರೂ ಮರ ಗಾಳಿಯಿಂದಲೇ ತೇವ ಹೀರಿ ಶೇ. 20ರ ಹತ್ತಿರ ಬರುತ್ತದೆ. ಆಗ ಬ್ಯಾಟು ಭಾರವಾಗುತ್ತದೆ, ಮರ ಮೆತ್ತಗಾಗುತ್ತದೆ, ಬೂಷ್ಟು ಹಿಡಿಯುತ್ತದೆ. ಇದನ್ನು ಕಂಡವರು ಬ್ಯಾಟನ್ನು ಅಡಿಕೆಯ ಜೊತೆ ಅಟ್ಟಕ್ಕೇರಿಸುವುದೂ ಬಚ್ಚಲೊಲೆಯ ಮೇಲೆ ಕಟ್ಟುವುದೂ ಸಹಜ. ನಾನೂ ಹಾಗೆ ಒಂದು ಬ್ಯಾಟನ್ನು ಒಲೆಯ ಮೇಲೆ ಕಟ್ಟಿದ್ದೆ. ತಿಂಗಳು ಕಳೆದು ಇಳಿಸಿದಾಗ ಹಿಡಿಯ ಬೆತ್ತ ಹಲಗೆಯೊಳಗೆ ಸೇರುವ ಜೋಡಣೆಯೇ ಬಿರುಕು ಬಿಟ್ಟಿತ್ತು. ಬೆತ್ತ, ವಿಲ್ಲೋ ಮತ್ತು ಅಂಟು ಒಂದೇ ಸಮನೆ ಕುಗ್ಗುವುದಿಲ್ಲವಾದ್ದರಿಂದ ಆ ಜಾಗವೇ ಮೊದಲು ಬಿಡುತ್ತದೆ.

ಆದ್ದರಿಂದ ಮೇ ತಿಂಗಳ ಕೊನೆಯ ಆಟ ಮುಗಿದ ವಾರದಲ್ಲೇ, ಬಿಸಿಲು ಇರುವಾಗಲೇ, ಕೆಲಸ ಆರಂಭಿಸಬೇಕು. ಮಣ್ಣನ್ನು ಹಿಂಡಿದ ಬಟ್ಟೆಯಿಂದ ಒರೆಸಿ, ನೆರಳಿನಲ್ಲಿ ಒಂದು ದಿನ ಆರಲು ಬಿಡಿ. ನಲ್ಲಿಯ ಕೆಳಗೆ ಹಿಡಿದು ತೊಳೆಯಬಾರದು. ಎದ್ದ ಎಳೆಗಳಿದ್ದರೆ ನಯವಾದ ಉಪ್ಪು ಕಾಗದದಿಂದ ಹಗುರವಾಗಿ ಉಜ್ಜಿ. ಬಳಿಕ ಹಸಿ ಅಗಸೆ ಎಣ್ಣೆಯನ್ನು ಒಂದು ಟೀ ಚಮಚದಷ್ಟು ಬಟ್ಟೆಗೆ ಹಾಕಿಕೊಂಡು ಮುಖ, ಅಂಚು, ಹಿಂಬದಿ ಮತ್ತು ತುದಿಗೆ ತೆಳುವಾಗಿ ಹಚ್ಚಬೇಕು. ಪೇಂಟ್ ಅಂಗಡಿಯಲ್ಲಿ ಸಿಗುವ ಡಬಲ್ ಬಾಯ್ಲ್ಡ್ ಎಣ್ಣೆ ಬಣ್ಣದ ಕೆಲಸದ್ದು, ಬ್ಯಾಟಿಗಲ್ಲ. ಕೊಬ್ಬರಿ ಎಣ್ಣೆಯೂ ಬೇಡ, ಏಕೆಂದರೆ ಅಗಸೆ ಎಣ್ಣೆಯಂತೆ ಅದು ಗಾಳಿಗೆ ಗಟ್ಟಿಯಾಗದೆ ಜಿಡ್ಡಾಗಿಯೇ ಉಳಿಯುತ್ತದೆ. ಹಿಡಿಗೂ ಜೋಡಣೆಗೂ ಎಣ್ಣೆ ತಾಗಬಾರದು, ಅಂಟು ಸಡಿಲವಾಗುತ್ತದೆ. ಮುಖಕ್ಕೆ ಪಾರದರ್ಶಕ ಹಾಳೆ ಅಂಟಿಸಿದ್ದರೆ ಬರಿಮರ ಕಾಣುವ ಭಾಗಕ್ಕಷ್ಟೇ ಹಚ್ಚಿ. ಹಚ್ಚಿದ ಬ್ಯಾಟನ್ನು ಮುಖ ಮೇಲಾಗಿ ಒಂದು ರಾತ್ರಿ ಮಲಗಿಸಿಡಿ. ಹಳೆಯ ಬ್ಯಾಟಿಗೆ ಒಂದು ಲೇಪ ಸಾಕು. ಎಣ್ಣೆ ಕುಡಿದ ಬ್ಯಾಟಿನಿಂದ ಚೆಂಡು ಚಿಮ್ಮುವುದಿಲ್ಲ. ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು: ಅಗಸೆ ಎಣ್ಣೆ ಹತ್ತಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ಅದು ತಾನಾಗಿಯೇ ಕಾದು ಹೊತ್ತಿಕೊಳ್ಳಬಹುದು. ಅದನ್ನು ಬಿಡಿಸಿ ಹೊರಗೆ ಒಣಹಾಕಿ.

ಇಡುವ ಜಾಗ ಒಲೆಯಿಂದ ದೂರವಿರುವ, ಗಾಳಿಯಾಡುವ ಒಳಕೋಣೆಯಾಗಿರಲಿ. ಮಳೆಗಾಲದಲ್ಲಿ ನಮ್ಮ ಮನೆಗಳ ನೆಲವೂ ಮಣ್ಣಿನ ಗೋಡೆಯೂ ಬೆವರುತ್ತವೆ. ಹಾಗಾಗಿ ಬ್ಯಾಟು ಎರಡಕ್ಕೂ ತಾಗದಂತೆ ಹಲಗೆಯ ಮೇಲೆ ಇಡಬೇಕು ಅಥವಾ ತೂಗುಹಾಕಬೇಕು. ಸುತ್ತುವುದಕ್ಕೆ ಹಳೆಯ ಹತ್ತಿ ಪಂಚೆಗಿಂತ ಒಳ್ಳೆಯದಿಲ್ಲ. ಪ್ಲಾಸ್ಟಿಕ್ ಚೀಲ ಮತ್ತು ಜಿಪ್ ಹಾಕಿದ ಕಿಟ್ ಬ್ಯಾಗು ತೇವವನ್ನು ಒಳಗೇ ಹಿಡಿದಿಡುತ್ತವೆ. ರಬ್ಬರ್ ಗ್ರಿಪ್ ನೆನೆದಿದ್ದರೆ ಅದನ್ನು ಕಳಚಿ, ಒಳಗಿನ ದಾರವೂ ಬೆತ್ತವೂ ಆರಿದ ಮೇಲೆಯೇ ಮತ್ತೆ ಏರಿಸಿ.

ಮಳೆ ಹೊಳವಾದ ದಿನ, ಹದಿನೈದು ದಿನಕ್ಕೊಮ್ಮೆಯಾದರೂ, ಬಟ್ಟೆ ಬಿಚ್ಚಿ ಜಗಲಿಯ ನೆರಳಿನಲ್ಲಿ ಗಾಳಿಗೆ ಇಡಿ. ಬೂಷ್ಟು ಕಂಡರೆ ಒಣಬಟ್ಟೆಯಿಂದ ಒರೆಸಿದರೆ ಸಾಕು. ಸಣ್ಣ ತೂತು ಮತ್ತು ಹಿಟ್ಟಿನಂಥ ಪುಡಿ ಕಂಡರೆ ಕುಟ್ಟೆ ಹುಳು ಹೊಕ್ಕಿದೆ ಎಂದೇ ತಿಳಿದು, ಆ ಬ್ಯಾಟನ್ನು ಉಳಿದವುಗಳಿಂದ ಬೇರೆ ಮಾಡಿ.

ತುದಿಯ ವಿಷಯದಲ್ಲಿ ಹೆಚ್ಚು ಕಾಳಜಿ ಬೇಕು. ಮರದ ಎಳೆಗಳು ಬಾಯಿ ತೆರೆದುಕೊಂಡಿರುವುದು ಅಲ್ಲೇ ಆದ್ದರಿಂದ, ಒದ್ದೆ ನೆಲಕ್ಕೆ ಊರಿ ನಿಂತ ಬ್ಯಾಟು ನೀರನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ. ರಬ್ಬರಿನ ಟೋ ಗಾರ್ಡ್ ಅಂಟಿಸಿದರೆ ದೊಡ್ಡ ರಕ್ಷಣೆ. ಈಗಾಗಲೇ ಊದಿದ್ದರೆ ಬ್ಯಾಟನ್ನು ಅಡ್ಡ ಮಲಗಿಸಿ ನೆರಳಿನಲ್ಲಿ ನಿಧಾನವಾಗಿ ಆರಲು ಬಿಡಿ. ಊತ ಇಳಿಯುವ ತನಕ ಆಡಬೇಡಿ.

ದೀಪಾವಳಿಯ ಹೊತ್ತಿಗೆ ಬಯಲು ಒಣಗಿದಾಗ, ತಿಂಗಳುಗಟ್ಟಲೆ ಮಲಗಿದ್ದ ಬ್ಯಾಟನ್ನು ನೇರವಾಗಿ ಹೊಸ ಚೆಂಡಿಗೆ ಒಡ್ಡಬಾರದು. ಮರದ ಕೊಡತಿಯಿಂದ ಮುಖಕ್ಕೆ ಮೊದಲು ಮೆಲ್ಲಗೆ, ಆಮೇಲೆ ಸ್ವಲ್ಪ ಬಿರುಸಾಗಿ ಬಡಿಯಿರಿ. ಅಂಚುಗಳಿಗೆ ಓರೆಯಾಗಿ ಬಡಿದು ದುಂಡಗೆ ಮಾಡಿ. ನಂತರ ಹಳೆಯ ಚರ್ಮದ ಚೆಂಡಿನಿಂದ ಸಣ್ಣ ಕ್ಯಾಚುಗಳನ್ನು ಕೊಡುತ್ತಾ ಹೋಗಿ. ಮುಖದ ಮೇಲೆ ಹೊಲಿಗೆಯ ಗುರುತು ಆಳವಾಗಿ ಮೂಡುತ್ತಿದ್ದರೆ ಕೊಡತಿಯ ಕೆಲಸ ಇನ್ನೂ ಬಾಕಿ ಇದೆ.